ಪಥ್ಯವಿಲ್ಲದ ಮಾತ್ರೆ

ಹಿಂದೂಪುರದ ಹುಣಸೆ ಮಂಡಿಗಳಲ್ಲಿ ಮುತ್ಯಾಲಪ್ಪನ ನಾಲಿಗೆಗೆ ಇದ್ದ ಮರ್ಯಾದೆ ಮುತ್ಯಾಲಪ್ಪನಿಗೆ ಇರಲಿಲ್ಲ. ಹತ್ತೊಂಬತ್ತು ವರ್ಷದಿಂದ ತೋಟಪ್ಪನವರ ಮಂಡಿಯಲ್ಲಿ ಗುಮಾಸ್ತ. ಮೂಟೆ ಬಿಚ್ಚಿದ ಕೂಡಲೇ ಒಂದು ಎಸಳು ಹಣ್ಣನ್ನು ನಾಲಿಗೆಯ ಮೇಲಿಟ್ಟು, ಕಣ್ಣು ಮುಚ್ಚಿ, "ರೊದ್ದಂ ಕಡೇದು. ಈ ವರ್ಸದ್ದೇ. ಮೂಟೆ ಕಟ್ಟೋ ಮುಂಚೆ ಒಂದು ಮಳೆ ಕಂಡೈತೆ" ಎಂದನೆಂದರೆ ಮುಗಿಯಿತು, ತಂದ ರೈತನೂ ಕೊಳ್ಳುವ ವ್ಯಾಪಾರಿಯೂ ತಲೆ ಬಾಗಿಸುತ್ತಿದ್ದರು. ಆದರೆ ಬಾಗಿಸುತ್ತಿದ್ದದ್ದು ನಾಲಿಗೆಗೆ. ನಾಲಿಗೆ ಬಾಯೊಳಗೆ ಹೋದ ಮೇಲೆ ಹೊರಗೆ ಉಳಿಯುತ್ತಿದ್ದ ಮುತ್ಯಾಲಪ್ಪನಿಗೆ "ಏಯ್, ಆ ಮೂಟೆ ಹೊಲಿಯೋ ದಬ್ಬಳ ತತ್ತಾ" ಎನ್ನುತ್ತಿದ್ದರು.

ಮನುಷ್ಯನಿಗೆ ಇಂಥ ಕೊರತೆ ಇದ್ದಾಗ ಅದನ್ನು ತುಂಬಲು ಬೆಂಗಳೂರಿನಲ್ಲಿ ಯಾರಾದರೊಬ್ಬರು ಟೈ ಕಟ್ಟಿಕೊಂಡು ಕಾಯುತ್ತಲೇ ಇರುತ್ತಾರೆ. ಆಂಧ್ರ ಸರ್ಕಾರ ಮದ್ಯನಿಷೇಧ ತೆಗೆದ ಮರುವರ್ಷ, ಸಂಕ್ರಾಂತಿ ಕಳೆದ ಭಾನುವಾರ, ಯಾರೋ ಕೊಟ್ಟ ಚೀಟಿ ಹಿಡಿದುಕೊಂಡು ಮುತ್ಯಾಲಪ್ಪ ರೈಲು ಹತ್ತಿ ಅಲ್ಲಿನ ಒಂದು ಕಲ್ಯಾಣ ಮಂಟಪಕ್ಕೆ ಹೋದ. ಮದುವೆ ಇರಲಿಲ್ಲ. ಪರದೆಯ ಮೇಲೆ ಮನುಷ್ಯನ ಹೊಟ್ಟೆಯ ಚಿತ್ರ ಇತ್ತು. ಟೈ ಕಟ್ಟಿದವನು ಕೋಲು ಹಿಡಿದು ತೋರಿಸಿದ: ನಮ್ಮ ಮೈಯೊಳಗೆ ಕೋಟ್ಯಂತರ ಸೈನಿಕರಿದ್ದಾರೆ, ಪಾಪ, ಎಲ್ಲರೂ ಮಲಗಿದ್ದಾರೆ. ಈಸ್ಟ್ ಅಂತ ಒಂದು ಕಣ್ಣಿಗೆ ಕಾಣದ ಜೀವಿ. ಬ್ರೆಡ್ಡು ಉಬ್ಬಿಸುವುದು, ಬೀರಿಗೆ ನೊರೆ ಬರಿಸುವುದು ಅದೇ. ಅದರ ಹೊರಸಿಪ್ಪೆಯನ್ನು ಸುಲಿದು ತೆಗೆದ ವಸ್ತುವಿನ ಹೆಸರು ಬೀಟಾ ಗ್ಲೂಕಾನ್. ಆ ಸಿಪ್ಪೆ ಹೊಟ್ಟೆಗೆ ಹೋಯಿತೋ, ಸೈನಿಕರು ಶತ್ರು ಬಂದನೆಂದು ದಡಬಡಿಸಿ ಏಳುತ್ತಾರೆ. ಎದ್ದವರು ಸುಮ್ಮನೆ ಕೂರುತ್ತಾರೆಯೆ? ನೆಗಡಿ, ಕೆಮ್ಮು, ಜ್ವರ, ಮಂಡಿನೋವು, ಕಂಡಕಂಡದ್ದಕ್ಕೆಲ್ಲ ಗುಂಡು ಹಾರಿಸುತ್ತಾರೆ.

ಮಧ್ಯಾಹ್ನದ ಊಟವಾದ ಮೇಲೆ ಮೂಟೆಗೆ ಒರಗಿ ತೂಕಡಿಸುವ ಅಭ್ಯಾಸವಿದ್ದ ಮುತ್ಯಾಲಪ್ಪನಿಗೆ ಮಲಗಿದ ಸೈನಿಕರ ಸಂಗತಿ ಮನಸ್ಸಿಗೆ ತಾಗಿತು. ಸಾಯಂಕಾಲದ ಹೊತ್ತಿಗೆ ಅವನ ಎದೆಯ ಮೇಲೆ ಒಂದು ಬಿಲ್ಲೆ ಇತ್ತು: "ಆರೋಗ್ಯ ಸಲಹೆಗಾರರು, ಹಿಂದೂಪುರ–ಕಲ್ಯಾಣದುರ್ಗ ಪ್ರಾಂತ್ಯ." ಈ ಎರಡು ಊರುಗಳ ನಡುವೆ ಬಸ್ಸಿನಲ್ಲಿ ಕೂತರೆ ಸೊಂಟ ಏನಾಗುತ್ತದೆ ಎಂಬುದು ಟೈ ಕಟ್ಟಿದವನಿಗೆ ಗೊತ್ತಿದ್ದಂತಿರಲಿಲ್ಲ. ಕೈಯಲ್ಲಿ ಮಾತ್ರೆ ತುಂಬಿದ ನೂರು ಬಾಟಲಿಗಳ ಪೆಟ್ಟಿಗೆ.

ಹೆಂಡತಿ ಶಿವಲಕ್ಷ್ಮಮ್ಮ ಪೆಟ್ಟಿಗೆ ಬಿಚ್ಚಿ ಬಾಟಲಿ ಎಣಿಸಿದಳು. ಸಿಪ್ಪೆಯ ಕಥೆಯನ್ನು ಪೂರ್ತಿ ಕೇಳಿಸಿಕೊಂಡಳು.

"ನೀವು ಮಂಡೀಲಿ ಸಿಪ್ಪೆ ಬಿಸಾಕಿ ಹಣ್ಣು ಮಾರ್ತೀರಿ. ಇವ್ರು ಹಣ್ಣು ಬಿಸಾಕಿ ಸಿಪ್ಪೆ ಮಾರ್ತಾರಾ?"

"ಸೈನ್ಸು ಕಣೇ ಇದು."

"ಅಂಗಾದ್ರೆ ಇಷ್ಟು ದಿನ ತಿಪ್ಪೆಗೆ ಸುರಿದ್ರಲ್ಲ ಹುಣ್ಸೆ ಸಿಪ್ಪೆ, ಅದ್ನೂ ಬಾಟ್ಲಿಗ್ ತುಂಬ್ಬೋದಿತ್ತು. ನಿಮ್ ಸಾವ್ಕಾರ್ರೇ ದಡ್ರು ಬುಡಿ" ಅಂದು ಒಳಗೆ ಹೋದಳು.

ಮೊದಲ ಗಿರಾಕಿ ಪಕ್ಕದ ಮನೆಯ ನರಸಕ್ಕ. ನಮ್ಮ ಬೀದಿಯಲ್ಲಿ ನರಸಕ್ಕ ಒಪ್ಪದೆ ಯಾವ ಔಷಧಿಯೂ ಚಲಾವಣೆಗೆ ಬರುತ್ತಿರಲಿಲ್ಲ. ಆಕೆಯ ಮೈಯಲ್ಲಿ ಅಷ್ಟು ಕಾಯಿಲೆಗಳಿದ್ದವು, ಅಷ್ಟು ಅನುಭವವಿತ್ತು. ಬಾಟಲಿಯನ್ನು ತಿರುಗಿಸಿ ನೋಡಿದಳು, ಅಲ್ಲಾಡಿಸಿ ಸದ್ದು ಕೇಳಿದಳು. ಆಮೇಲೆ ಕೇಳಬೇಕಾದ್ದನ್ನು ಕೇಳಿದಳು.

"ಪಥ್ಯ ಏನಪ್ಪಾ?"

"ಪಥ್ಯ ಏನೂ ಇಲ್ಲ ನರಸಕ್ಕ. ಏನ್ ಬೇಕಾದ್ರೂ ತಿನ್ನು."

"ಏನ್ ಬೇಕಾದ್ರೂನಾ?"

"ಏನ್ ಬೇಕಾದ್ರೂ."

"ಬದ್ನೇಕಾಯಿ?"

"ತಿನ್ನು."

"ಕುಂಬ್ಳಕಾಯಿ? ಒಣಮೀನು?"

"ತಿನ್ನಕ್ಕೋ!"

ನರಸಕ್ಕ ಬಾಟಲಿಯನ್ನು ಮೆಲ್ಲಗೆ ಕಟ್ಟೆಯ ಮೇಲಿಟ್ಟಳು, ಮಲಗಿದ ಮಗುವನ್ನು ಇಡುವ ಹಾಗೆ. "ಪಥ್ಯ ಇಲ್ದಿದ್ದು ಔಷ್ದಿ ಹೆಂಗಾತದಪ್ಪ? ಪೆಪ್ಪರ್ಮೆಂಟಾತದೆ. ನಂಗೆ ವಯಸ್ಸಾಯ್ತು, ಪೆಪ್ಪರ್ಮೆಂಟು ಚೀಪಕ್ಕಾಗಲ್ಲ" ಎಂದು ಎದ್ದುಹೋದಳು.

ಇದು ನಮ್ಮ ಕಡೆಯ ನಂಬಿಕೆ, ಇದನ್ನು ತಿಳಿಯದೆ ಇಲ್ಲಿ ಯಾರೂ ವೈದ್ಯ ಮಾಡಬಾರದು. ಕಾಮಾಲೆಗೆ ಸೊಪ್ಪು ಅರೆದು ಕೊಡುವವನು ಎಣ್ಣೆ ಬಿಡಿಸುತ್ತಾನೆ, ಪಿತ್ತಕ್ಕೆ ಬೇರು ಕೊಡುವವನು ಖಾರ ಬಿಡಿಸುತ್ತಾನೆ. ಸೊಪ್ಪು ಬೇರುಗಳದೇನು, ಬೇಲಿಯಲ್ಲಿ ಸಿಗುತ್ತವೆ. ರೋಗ ವಾಸಿ ಮಾಡುವುದು ನಾವು ತಿನ್ನದೆ ಬಿಟ್ಟದ್ದು. ಏನನ್ನೂ ಬಿಡಿಸದ ಔಷಧಿಗೆ ತನ್ನ ಮೇಲೆ ತನಗೇ ನಂಬಿಕೆ ಇಲ್ಲ ಅಂತ ಅರ್ಥ. ಆ ವಾರ ಹನ್ನೊಂದು ಜನ ಬಾಟಲಿ ಅಲ್ಲಾಡಿಸಿ, ಪಥ್ಯ ಕೇಳಿ, ಮರುಕದಿಂದ ಹಿಂದಕ್ಕೆ ಕೊಟ್ಟರು. ಒಬ್ಬ, "ಏಮಣ್ಣಾ, ಚೂಯಿಂಗ್ ಗಮ್ಮಾ?" ಅಂತಲೂ ಕೇಳಿದ.

ಮುಂದಿನ ಸೋಮವಾರ ನರಸಕ್ಕ ಕೈಚೀಲ ಹಿಡಿದು ಮಂಡಿಗೆ ಬಂದಳು. ಹೊಸ ಹುಣಸೆ ಬರುವ ಕಾಲ. ವರ್ಷಕ್ಕಾಗುವಷ್ಟು ಹಣ್ಣು ಕೊಂಡು ಉಪ್ಪು ಹಾಕಿ ಜಾಡಿ ತುಂಬುವುದು ನಮ್ಮಲ್ಲಿ ವಾಡಿಕೆ. ಮುತ್ಯಾಲಪ್ಪ ಬಿಲ್ಲೆ ಹಾಕಿಕೊಂಡೇ ಕೂತಿದ್ದ.

"ಏನಪ್ಪಾ, ಪೆಪ್ಪರ್ಮೆಂಟು ಖರ್ಚಾಯ್ತಾ?" ಎಂದಳು ನರಸಕ್ಕ, ನಾಲ್ಕು ಜನ ಹಮಾಲರ ಎದುರಿಗೆ.

ಹಮಾಲರು ನಕ್ಕರು. ಮುತ್ಯಾಲಪ್ಪನ ಕಿವಿ ಬಿಸಿಯಾಯಿತು.

"ಪಥ್ಯ ಐತೆ ನರಸಕ್ಕ" ಎಂದ ಗಂಭೀರವಾಗಿ. "ಬಲೇ ಕಠಿಣ ಪಥ್ಯ. ನಿನ್ ಕೈಲಿ ಆಗಲ್ಲ ಅಂತ ಹೇಳ್ಲಿಲ್ಲ."

"ನನ್ ಕೈಲಿ ಆಗಲ್ವಾ? ಹದಿನಾರು ದಿನ ಬರೀ ಗಂಜಿ ಕುಡ್ದು ಬದುಕ್ದೋಳು ಕಣಯ್ಯ ನಾನು! ಏನದು ಪಥ್ಯ?"

ಏನದು? ಅದನ್ನು ಮುತ್ಯಾಲಪ್ಪ ಇನ್ನೂ ಯೋಚಿಸಿರಲಿಲ್ಲ. ಕಣ್ಣೆತ್ತಿದ. ಎದುರಿಗೆ ಆಳೆತ್ತರಕ್ಕೆ ಒಂದೇ ಒಂದು ವಸ್ತು ರಾಶಿ ಬಿದ್ದಿತ್ತು.

"ಹುಣ್ಸೆಹಣ್ಣು" ಎಂದ. "ನಲವತ್ತೆಂಟು ದಿನ."

ಹುಳಿಯಿಲ್ಲದೆ ಸಾರಿಲ್ಲ, ಸಾರಿಲ್ಲದೆ ಮುದ್ದೆಯಿಲ್ಲ, ಮುದ್ದೆಯಿಲ್ಲದೆ ದಿನವಿಲ್ಲ. ನರಸಕ್ಕನ ಮುಖದಲ್ಲಿ ಮೆಲ್ಲನೆ ಭಕ್ತಿ ಮೂಡಿತು. ಕೈಚೀಲವನ್ನು ನಾಲ್ಕು ಮಡಿಕೆ ಮಾಡಿ ಕಂಕುಳಲ್ಲಿಟ್ಟುಕೊಂಡು, "ಎರಡು ಬಾಟ್ಲಿ ಕೊಡು" ಎಂದಳು.

ಹುಣಸೆ ಕೊಳ್ಳಲು ಬಂದವಳು ಹುಣಸೆ ಬಿಟ್ಟು ಹೋದದ್ದನ್ನು ತೋಟಪ್ಪನವರು ಒಳಗಿನ ಗಾದಿಯಿಂದ ನೋಡಲಿಲ್ಲ. ನೋಡಿದ್ದರೆ ಈ ಕಥೆ ಇಲ್ಲಿಗೇ ಮುಗಿದು ಎಲ್ಲರಿಗೂ ಕ್ಷೇಮವಾಗುತ್ತಿತ್ತು.

ಹದಿನೈದು ದಿನದಲ್ಲಿ ನಮ್ಮ ಬೀದಿಯ ಸಾರಿನ ವಾಸನೆ ಬದಲಾಯಿತು. ಯಾರ ಮನೆ ಮುಂದೆ ಹೋದರೂ ಟೊಮೇಟೊ, ನಿಂಬೆ. ಹುಳಿತೇಗಿನಿಂದ ನರಳುತ್ತಿದ್ದವರಿಗೆ ಹುಳಿ ಬಿಟ್ಟ ಕೂಡಲೇ ತೇಗು ನಿಂತಿತು. ಅದರ ಕೀರ್ತಿ ಈಸ್ಟಿನ ಸಿಪ್ಪೆಗೆ ಹೋಯಿತು. ಎದೆಯುರಿ ಕಡಿಮೆಯಾದವರು ಮೈಯೊಳಗೆ ಸೈನಿಕರು ಓಡಾಡುವುದು ಕೇಳಿಸುತ್ತದೆ ಅಂದರು. ಈಗ ಜನ ಮುತ್ಯಾಲಪ್ಪನಿಗೇ ನಮಸ್ಕಾರ ಮಾಡುತ್ತಿದ್ದರು. "ಡಾಕ್ಟ್ರೇ" ಅಂತ ಕರೆದವರೂ ಇದ್ದರು, ಅವನು ತಿದ್ದಲಿಲ್ಲ.

ಆ ಸಂತೋಷದಲ್ಲಿ ತನ್ನ ದುಂಡು ಅಕ್ಷರದಲ್ಲಿ ಕಂಪನಿಗೊಂದು ಕಾಗದ ಬರೆದ: "ಮಾನ್ಯರೇ, ಈ ಪ್ರಾಂತ್ಯದ ಜನರು ಪಥ್ಯವಿಲ್ಲದ ಔಷಧಿಯನ್ನು ನಂಬುವುದಿಲ್ಲವಾದ ಕಾರಣ ಹುಣಸೆಹಣ್ಣನ್ನು ನಿಷೇಧಿಸಿರುತ್ತೇನೆ. ವ್ಯಾಪಾರವು ಅತ್ಯುತ್ತಮವಾಗಿದೆ." ಕಾಗದವನ್ನು ಅಂಚೆ ಡಬ್ಬಿಗೆ ಹಾಕಿ ಮರೆತುಬಿಟ್ಟ. ಮರೆಯಬಾರದಿತ್ತು.

ಶಿವಲಕ್ಷ್ಮಮ್ಮನ ತಮ್ಮ ಬೈಲಪ್ಪನಿಗೆ ಕಲ್ಯಾಣದುರ್ಗದ ಬಸ್ ನಿಲ್ದಾಣದ ಎದುರು ಚಹಾದ ಹೋಟೆಲಿತ್ತು. ಸುದ್ದಿ ತಿಳಿದು ಬಂದು, "ಬಾವ, ನಿಮ್ ಪ್ರಾಂತ್ಯದಾಗೆ ನಮ್ಮೂರೂ ಐತೆ ತಾನೆ?" ಅಂತ ಬಿಲ್ಲೆ ಓದಿ, ಒಂದನ್ನು ಬಿಟ್ಟು ಉಳಿದ ನಲವತ್ತು ಬಾಟಲಿ ಹೊತ್ತುಕೊಂಡು ಹೋದ.

ಇತ್ತ ಮಂಡಿಯಲ್ಲಿ ಹಣ್ಣು ಬಿಡಿಸುವ ಹೆಂಗಸರ ಮುಂದಾಳು ಚೌಡಕ್ಕ. ಇಪ್ಪತ್ತು ಜನ ಅವಳ ಮಾತಿಗೆ ಕೂರುತ್ತಿದ್ದರು, ಅವಳ ಮಾತಿಗೆ ಏಳುತ್ತಿದ್ದರು. ಒಂದು ಬೆಳಿಗ್ಗೆ ಇಪ್ಪತ್ತು ಜನವೂ ರಾಶಿಯಿಂದ ಹತ್ತು ಮಾರು ದೂರ ಸಾಲಾಗಿ ನಿಂತಿದ್ದರು, ಸೆರಗಿನಲ್ಲಿ ಕೈ ಸುತ್ತಿಕೊಂಡು.

"ಏನಮ್ಮೋ, ಫೋಟೋ ತೆಗಿಸ್ಕಂತೀರಾ?" ಎಂದರು ತೋಟಪ್ಪನವರು.

"ಪಥ್ಯ ಸಾವ್ಕಾರ್ರೇ. ಕೈ ಬಿರುಕಿಗೆ ಮಾತ್ರೆ ತಗಂಡಿದ್ದೀವಿ. ಹುಣ್ಸೆಹಣ್ಣು ಆಗಲ್ಲ."

"ತಿನ್ಬೇಡಿ! ತಿನ್ನಿ ಅಂದೋರ್ಯಾರು? ಬೀಜ ತೆಗೀರಿ ಸಾಕು!"

"ಅದೆಂಗಾತದೆ? ಎಣ್ಣೆ ಪಥ್ಯ ಅಂದ್ರೆ ತಲೆಗೂ ಹಚ್ಚಂಗಿಲ್ಲ. ತಿನ್ನಂಗಿಲ್ಲ ಅಂದ್ಮೇಲೆ ಮುಟ್ಟಂಗೂ ಇಲ್ಲ. ನೀವೇ ಓದ್ಕಂಡೋರು, ನಿಮ್ಗೆ ನಾನ್ ಹೇಳ್ಬೇಕಾ?"

"ಯಾವೋನ್ ಕೊಟ್ಟ ಮಾತ್ರೆ?"

ಚೌಡಕ್ಕ ತಿರುಗಿ ನೋಡಿದಳು. ಮುತ್ಯಾಲಪ್ಪ ಬಿಲ್ಲೆಯನ್ನು ಜೇಬಿಗೆ ಹಾಕಿಕೊಂಡು, ತಕ್ಕಡಿಯ ಹಿಂದೆ ಅತ್ಯಂತ ಮುಖ್ಯವಾದ ಏನನ್ನೋ ಹುಡುಕುತ್ತಿದ್ದ. ಅವಳಿಗೆ ಅಯ್ಯೋ ಅನ್ನಿಸಿತೋ ಏನೋ. "ಬೀದೀಲಿ ಎಲ್ರೂ ತಗಂತಾರೆ" ಎಂದಳು, ಅಷ್ಟೇ.

ಆದರೆ ಇಪ್ಪತ್ತು ಜೊತೆ ಕಣ್ಣು ಈಗ ಅವನ ಬಾಯಿಯ ಮೇಲಿತ್ತು. ಪಥ್ಯ ಹೇಳಿದವನೇ ಹುಣಸೆ ನೆಕ್ಕುವುದೆ? ಅಷ್ಟರಲ್ಲಿ ಕಂಬದೂರಿನ ಕಡೆಯಿಂದ ಮೂವತ್ತು ಮೂಟೆ ಬಂತು. ತೋಟಪ್ಪನವರು ಎಂದಿನಂತೆ ಒಂದು ಎಸಳು ಮುಂದೆ ಹಿಡಿದರು. ಮುತ್ಯಾಲಪ್ಪ ಅದನ್ನು ಕರ್ಚೀಫಿನಲ್ಲಿ ಹಿಡಿದು, ಮೂಗಿನ ಹತ್ತಿರ ತಂದು, ಉದ್ದಕ್ಕೆ ಉಸಿರೆಳೆದು, "ಹೊಸ ಹಣ್ಣು. ಬಂಗಾರ" ಎಂದ.

ದುಡ್ಡು ಎಣಿಸಿಕೊಟ್ಟು ಬಿಚ್ಚಿ ನೋಡಿದಾಗ ಅದು ಎರಡು ವರ್ಷದ ಹಳೇ ಹಣ್ಣು. ಯಾರೋ ಪುಣ್ಯಾತ್ಮ ಬೆಲ್ಲದ ನೀರು ಚಿಮುಕಿಸಿ ಕಳಿಸಿದ್ದ. ಮೂವತ್ತು ಮೂಟೆಗೂ ಹುಳ.

"ಹತ್ತೊಂಬತ್ತು ವರ್ಸ ನಾಲ್ಗೇಲಿ ಮಾಡಿದ್ ಕೆಲ್ಸಾನ ಇವತ್ತು ಮೂಗಲ್ಲಿ ಯಾಕ್ ಮಾಡ್ದೆ ಕಣ್ಲಾ?" ತೋಟಪ್ಪನವರು ಕೂಗಲಿಲ್ಲ; ಅದೇ ಭಯಂಕರವಾಗಿತ್ತು. "ನಾನು ನಿನ್ನ ಸಾಕ್ತಿರೋದು ನಿನ್ ಮುಖಕ್ಕಲ್ಲ, ನಾಲ್ಗೆಗೆ. ಇನ್ನೊಂದ್ಸಲ ನೀನು ಮೂಸಿ ಹೇಳಿದ್ರೆ, ಆ ಪೆನ್ನು ಅಲ್ಲಿಟ್ಟು ಮನೆಗ್ ನಡಿ. ಸಾಯಂಕಾಲ ಬಂದು ಯಾಕೆ ಅಂತ ಕೇಳ್ಬೇಡ."

ಆ ವಾರವೇ ಹುಣಸೆ ವರ್ತಕರ ಸಭೆ ಕೂಡಿತು. ಎಲ್ಲ ಮಂಡಿಗಳಲ್ಲೂ ಚಿಲ್ಲರೆ ಗಿರಾಕಿ ಕಾಣೆ, ಹಣ್ಣು ಬಿಡಿಸುವವರು ಕಾಣೆ. ಇದು ನಿಂಬೆಕಾಯಿ ವ್ಯಾಪಾರಿಗಳ ಕುತಂತ್ರ ಎಂದರು ಒಬ್ಬರು. ಟೊಮೇಟೊದವರದು ಎಂದರು ಇನ್ನೊಬ್ಬರು. ವಿದೇಶದ ಕೈ ಇರಬಹುದು ಎಂದವರಿಗೆ ಜೋರು ಚಪ್ಪಾಳೆ ಬಿತ್ತು. ತೋಟಪ್ಪನವರು ಎದ್ದು, ಕಣ್ಣಲ್ಲಿ ನೀರು ತಂದುಕೊಂಡು, "ನಮ್ಮನೇಲೇ, ನಮ್ಮವ್ವನೇ, ಹುಣ್ಸೆ ಡಬ್ಬಿ ಎತ್ತಿ ಅಟ್ಟಕ್ಕಾಕವಳೆ. ಮೂರು ವಾರದಿಂದ ನಾನು, ಹುಣ್ಸೆ ಯಾಪಾರಿ, ನಿಂಬೆಹುಳಿ ಚಿತ್ರಾನ್ನ ತಿಂತಿದ್ದೀನಿ!" ಎಂದಾಗ ಸಭೆಯೇ ತತ್ತರಿಸಿತು.

ಈ ಸುಳ್ಳನ್ನು ಹುಟ್ಟಿಸಿದ ದ್ರೋಹಿಯನ್ನು ಯುಗಾದಿಯೊಳಗೆ ಪತ್ತೆ ಹಚ್ಚಬೇಕು, ಅದಕ್ಕೊಂದು ವಿಚಾರಣಾ ಸಮಿತಿ ಆಗಬೇಕು ಎಂದು ಒಮ್ಮತದಿಂದ ತೀರ್ಮಾನವಾಯಿತು. ಸಮಿತಿಗೆ ಕಾರ್ಯದರ್ಶಿ ಬೇಕಲ್ಲ? ಅಕ್ಷರ ದುಂಡಗಿರಬೇಕು, ಊರೆಲ್ಲ ಪರಿಚಯವಿರಬೇಕು, ಜನರ ಬಾಯಿ ಬಿಡಿಸಬೇಕು.

"ನಮ್ ಮುತ್ಯಾಲಪ್ಪ ಅವ್ನಲ್ಲ!" ಎಂದರು ತೋಟಪ್ಪನವರು.

ಹೀಗೆ ಮುತ್ಯಾಲಪ್ಪನಿಗೆ ಮುತ್ಯಾಲಪ್ಪನನ್ನು ಹುಡುಕುವ ಕೆಲಸ ಬಂತು. ಸಭೆಯ ನಡಾವಳಿ ಪುಸ್ತಕದಲ್ಲಿ "ದ್ರೋಹಿಯು ಎಲ್ಲೇ ಅಡಗಿದ್ದರೂ ಬಿಡತಕ್ಕದ್ದಲ್ಲ" ಎಂಬ ಸಾಲನ್ನು ಅವನೇ ಬರೆದ.

ವಿಚಾರಣೆಯನ್ನು ಆದಷ್ಟು ದೂರದಿಂದ ಶುರು ಮಾಡುವುದು ವಾಸಿ ಎಂದು ಅವನು ಕಲ್ಯಾಣದುರ್ಗಕ್ಕೆ ಹೊರಟ. ಬೈಲಪ್ಪನ ಬಾಟಲಿಗಳನ್ನಾದರೂ ಹಿಂದಕ್ಕೆ ತರುವ ಆಸೆ. ಬಸ್ಸಿಳಿದವನಿಗೆ ಕಂಡ ದೃಶ್ಯ ಹೀಗಿತ್ತು: ನಿಲ್ದಾಣದಲ್ಲಿ ಭಾರಿ ಹುಣಸೆ ಮರ, ಅದರ ಕೆಳಗೆ ಕಲ್ಲುಚಪ್ಪಡಿಗಳು, ತಂಪಾದ ನೆರಳು. ನೆರಳಲ್ಲಿ ಒಂದು ನಾಯಿ. ಅಲ್ಲಿಂದ ಅರ್ಧ ಫರ್ಲಾಂಗು ಆಚೆ, ನೆತ್ತಿ ಸುಡುವ ಬಿಸಿಲಲ್ಲಿ, ನಲವತ್ತು ಜನ ತಲೆ ಮೇಲೆ ಟವಲು ಹಾಕಿಕೊಂಡು ಸಾಲಾಗಿ ನಿಂತಿದ್ದರು.

"ಏನ್ ಬೈಲಪ್ಪ ಇದು?"

"ಪಥ್ಯ ಬಾವ! ನೀವ್ ಹೇಳಿದ್ದೇ. ಹುಣ್ಸೆಹಣ್ಣು ತಿನ್ನಂಗಿಲ್ಲ, ಮುಟ್ಟಂಗಿಲ್ಲ, ನೆಳ್ಳೂ ಬೀಳಂಗಿಲ್ಲ."

"ನೆಳ್ಳಿನ ಇಸ್ಯ ನಾನ್ ಹೇಳ್ಲಿಲ್ವಲ್ಲೋ!"

"ಮಡಕಶಿರಾದಿಂದ ಬಂದೋರು ಯಾರೋ ಹೇಳಿದ್ರು, ಹಿಂದೂಪುರ್ದಾಗೆ ಅಂಗೇ ಅಂತೆ. ನಿಜಾನೇ ಇರ್ಬೇಕು ಬಾವ, ನೆಳ್ಳು ಸೇರ್ಸಿದ್ ಮೇಲೆ ಬಾಟ್ಲಿ ಎರಡೇ ದಿನ್ದಾಗೆ ಖಾಲಿ."

ಅಷ್ಟರಲ್ಲಿ ಬಸ್ಸುಗಳ ಹೊತ್ತು ನೋಡಿಕೊಳ್ಳುವ ಕದಿರಣ್ಣ ಸೀಟಿ ಊದುತ್ತ ಓಡಿ ಬಂದ. ಬೆವರಿನಲ್ಲಿ ಖಾಕಿ ಅಂಗಿ ಕಪ್ಪಾಗಿತ್ತು. "ಏಮಯ್ಯಾ, ಆ ಮಂದುಲ ಮುತ್ಯಾಲಪ್ಪ ನುವ್ವೇನಾ?" ಎಂದು, ಆ ಔಷಧಿ ಮುತ್ಯಾಲಪ್ಪ ನೀನೇನಾ ಅಂತ ತೆಲುಗಿನಲ್ಲಿ ಕೇಳಿದವನು ಉತ್ತರಕ್ಕೂ ಕಾಯದೆ ಕನ್ನಡಕ್ಕೆ ಇಳಿದ. "ಸ್ವಾಮಿ, ನನ್ ಬಸ್ಸು ನಿಲ್ಬೇಕಾದ್ದು ಅಲ್ಲಿ. ಜನ ನಿಲ್ಲೋದು ಇಲ್ಲಿ. ಬಸ್ಸು ಇಲ್ಲಿ ನಿಲ್ಸಿದ್ರೆ ಮೇಲಿನೋರು ಬೈತಾರೆ, ಅಲ್ಲಿ ನಿಲ್ಸಿದ್ರೆ ಒಬ್ರೂ ಹತ್ತಲ್ಲ. ಮೂರು ದಿನ್ದಿಂದ ಆ ನಾಯೊಂದನ್ನೇ ನೋಡ್ಕಂಡು ಬಸ್ಸು ಹೋಯ್ತಾ ಐತೆ!"

ಸಾಲಿನಲ್ಲಿದ್ದ ಒಬ್ಬ ಮುದುಕ ಬಿಸಿಲಿಗೆ ಮೆಲ್ಲಗೆ ಕುಸಿದು ಕೂತ. ಎಲ್ಲರೂ ನೀರು ಚಿಮುಕಿಸಿದರು. ಐದು ನಿಮಿಷದಲ್ಲಿ ಎದ್ದ.

"ನೋಡಿದ್ರಾ ಮಾತ್ರೆ ಶಕ್ತಿ?" ಎಂದರು ಸಾಲಿನವರು. "ಬ್ಯಾರೆಯೋರಾಗಿದ್ರೆ ಹೋಗ್ಬುಡ್ತಿದ್ರು."

ಯುಗಾದಿಗೆ ಎರಡು ವಾರ ಮುಂಚೆ ತೋಟಪ್ಪನವರ ಮಂಡಿಯ ಅಂಗಳದಲ್ಲೇ ವರದಿ ಓದುವ ಸಭೆ. ವರ್ತಕರಷ್ಟೇ ಬಂದಿದ್ದರೆ ಹೇಗೋ ನಡೆಯುತ್ತಿತ್ತು. ಮಾತ್ರೆ ತೆಗೆದುಕೊಂಡವರೂ ಬಂದಿದ್ದರು. ನರಸಕ್ಕ, ಚೌಡಕ್ಕ, ಅವಳ ಇಪ್ಪತ್ತು ಜನ. ಎಲ್ಲರಿಗಿಂತ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತಿದ್ದವರು ತೋಟಪ್ಪನವರ ತಾಯಿ, ಎಂಬತ್ತು ವರ್ಷದ ಪೆದ್ದಕ್ಕ. ಗಂಡನಿಗೆ ಊಟದ ಕ್ಯಾರಿಯರ್ ತಂದಿದ್ದ ಶಿವಲಕ್ಷ್ಮಮ್ಮ ಬಾಗಿಲ ಹತ್ತಿರ ನಿಂತಿದ್ದಳು.

"ಹೇಳಪ್ಪ ಕಾರ್ಯದರ್ಶಿ" ಎಂದರು ತೋಟಪ್ಪನವರು. "ಯಾರವ್ನು ದ್ರೋಹಿ?"

ಮುತ್ಯಾಲಪ್ಪ ನಾಲ್ಕು ಪುಟದ ವರದಿ ಬಿಚ್ಚಿದ. ಮೊದಲನೇ ಪುಟದಲ್ಲಿ ಹವಾಮಾನ ಇತ್ತು. ಎರಡನೇ ಪುಟದಲ್ಲಿ ಈಸ್ಟಿನ ಸ್ವರೂಪ ಇತ್ತು. ಮೂರನೇ ಪುಟಕ್ಕೆ ಬರುವಷ್ಟರಲ್ಲಿ ಪೆದ್ದಕ್ಕನವರಿಗೆ ಬೇಸರವಾಯಿತು.

"ಏನೋ ಅದು, ದ್ರೋಹಿ ದ್ರೋಹಿ ಅಂತೀರಾ? ಪುಣ್ಯಾತ್ಮ ಅನ್ರಿ. ಹನ್ನೊಂದು ವರ್ಸದ ಎದೆಯುರಿ ಕಣ್ರೋ ನಂದು, ಹೊಂಟೋಯ್ತು. ಈ ಮುತ್ಯಾಲನ ಹೆಂಡ್ತಿನೇ ತಂದುಕೊಟ್ಟು ಪಥ್ಯ ಹೇಳಿದ್ಲು. ನಿನ್ ಹೊಟ್ಟೆ ತಣ್ಣಗಿರ್ಲಿ ಕಣೋ ಮುತ್ಯಾಲಾ!"

ವರದಿಯ ನಾಲ್ಕನೇ ಪುಟ ಓದುವ ಅವಶ್ಯಕತೆ ಉಳಿಯಲಿಲ್ಲ.

ತೋಟಪ್ಪನವರು ಎದ್ದು ನಿಂತರು. ಅವರ ಕೈ ಗುಮಾಸ್ತನ ಮೇಜಿನ ಮೇಲಿದ್ದ ಪೆನ್ನಿನ ಕಡೆ ಹೋಯಿತು. ಮುತ್ಯಾಲಪ್ಪನಿಗೆ ಹತ್ತೊಂಬತ್ತು ವರ್ಷಗಳು ಆ ಪೆನ್ನಿನ ಜೊತೆಯಲ್ಲೇ ಜೇಬಿಗೆ ಹೋಗುವುದು ಕಂಡಿತು. ಅವನು ಕೈ ಮುಗಿದು, ಜೀವಮಾನದಲ್ಲಿ ಮೊದಲ ಸಲ, ನಾಲ್ಕು ಜನರ ಎದುರಿಗೆ ಶುದ್ಧ ನಿಜವನ್ನು ಹೇಳಿದ.

"ಸಾವ್ಕಾರ್ರೇ, ಪಥ್ಯ ಸುಳ್ಳು! ಬಾಟ್ಲಿ ಮ್ಯಾಲೆ ಅಂಗೇನೂ ಬರೆದಿಲ್ಲ. ಪಥ್ಯ ಇಲ್ಲ ಅಂದಿದ್ಕೆ ಎಲ್ರೂ ನಕ್ರು, ಅದ್ಕೇ ನಾನೇ ಹುಟ್ಸಿದ್ದು. ಎದ್ರಿಗೆ ಏನು ಕಂಡ್ತೋ ಅದನ್ನ ಹೇಳ್ಬುಟ್ಟೆ. ತಕ್ಕಡಿ ಕಂಡಿದ್ರೆ ತಕ್ಕಡಿ ಅಂತಿದ್ದೆ. ಎಲ್ರೂ ಹುಣ್ಸೆಹಣ್ಣು ತಿನ್ರಿ, ನನ್ ಕೆಲ್ಸ ಉಳ್ಸಿ!"

ಸಭೆಯಲ್ಲಿ ಒಂದು ನಿಟ್ಟುಸಿರು ಎದ್ದಿತು.

"ಹೆದ್ರಿಸ್ಬುಟ್ಟವ್ರೆ ಕಣಮ್ಮ, ಪಾಪ" ಎಂದಳು ನರಸಕ್ಕ.

"ಕೆಲ್ಸ ತೆಗೀತೀವಿ ಅಂದ್ರೆ ಯಾರ್ ತಾನೆ ಏನ್ ಮಾಡ್ತಾರೆ?" ಎಂದಳು ಚೌಡಕ್ಕ. "ಸುಳ್ಳು ಪಥ್ಯ ಆಗಿದ್ರೆ ನನ್ ಕೈ ಬಿರುಕು ಹೆಂಗ್ ಹೋಯ್ತು? ನೋಡಿ!" ಒಂದು ತಿಂಗಳಿಂದ ಹುಣಸೆ ಮುಟ್ಟದ ಕೈಗಳನ್ನು ಮೇಲೆತ್ತಿ ತೋರಿಸಿದಳು. ಇಪ್ಪತ್ತು ಜನವೂ ತೋರಿಸಿದರು. ನಲವತ್ತೆರಡು ನುಣುಪು ಅಂಗೈಗಳೆದುರು ನಿಜವೊಂದು ಏನು ಮಾಡೀತು?

"ಸುಳ್ಳು ಕಣ್ರೋ! ನಮ್ಮವ್ವನ ಮೇಲಾಣೆ!" ಎಂದ ಮುತ್ಯಾಲಪ್ಪ.

"ಎಷ್ಟು ಹೆದ್ರಿಸಿರ್ಬೇಕು, ಸತ್ತೋದ್ ತಾಯಿ ಮೇಲೆ ಆಣೆ ಹಾಕ್ತಾವನೆ" ಎಂದು ಪೆದ್ದಕ್ಕ ಮಗನನ್ನು ಕೆಕ್ಕರಿಸಿ ನೋಡಿದರು. ತೋಟಪ್ಪನವರ ಕೈ ಪೆನ್ನಿನಿಂದ ಹಿಂದಕ್ಕೆ ಬಂತು.

ಆಗ ನರಸಕ್ಕ, ಅನುಭವಸ್ಥೆ, ಕೇಳಲೇಬೇಕಾದ ಮುಂದಿನ ಪ್ರಶ್ನೆ ಕೇಳಿದಳು.

"ಅದಿರ್ಲಪ್ಪ. ನಂಗೆ ಇನ್ನು ಮೂರು ದಿನಕ್ಕೆ ನಲವತ್ತೆಂಟು ಮುಗೀತದೆ. ಮರುಪಥ್ಯ ಎಷ್ಟು ದಿನ?"

ವರ್ತಕರಲ್ಲಿ ಇಬ್ಬರು ಎದೆ ಹಿಡಿದುಕೊಂಡರು. ಔಷಧಿ ಮುಗಿದ ಮೇಲೆ ಅಷ್ಟೇ ದಿನ ಮತ್ತೆ ಹಿಡಿಯುವ ಮರುಪಥ್ಯವನ್ನು ಅವರೆಲ್ಲ ಮರೆತಿದ್ದರು. ಇನ್ನೊಂದು ನಲವತ್ತೆಂಟು ಅಂದರೆ ಹುಣಸೆ ಕಾಲವೇ ಮುಗಿಯಿತು. ತೋಟಪ್ಪನವರು ಮುತ್ಯಾಲಪ್ಪನನ್ನು ನೋಡಿದರು. ಮುತ್ಯಾಲಪ್ಪ ಹೆಂಡತಿಯನ್ನು ನೋಡಿದ.

ಬಾಗಿಲಲ್ಲಿ ಶಿವಲಕ್ಷ್ಮಮ್ಮ ಕ್ಯಾರಿಯರ್ ಕೆಳಗಿಟ್ಟಳು.

"ಮರುಪಥ್ಯ ಬಲೇ ಕಷ್ಟ" ಎಂದಳು. "ಇವ್ರು ಬಾಯ್ಬುಟ್ಟು ಹೇಳಕ್ಕೆ ಹಿಂದೆಮುಂದೆ ನೋಡ್ತಾವ್ರೆ. ಎದ್ದಿರೋ ಸೈನಿಕ್ರು ತಿರ್ಗ ಮಲಗ್ದಂಗೆ ನೋಡ್ಕಬೇಕಲ್ಲ? ಅದ್ಕೆ ಬಿಟ್ಟಿದ್ದನ್ನೇ ಎರಡರಷ್ಟು ತಗಬೇಕು. ಬೆಳಿಗ್ಗೆ ಬರೀ ಹೊಟ್ಟೇಲಿ ಒಂದು ಲೋಟ ಗಟ್ಟಿ ಹುಣ್ಸೆ ನೀರು. ಉಪ್ಪಿಲ್ಲ, ಬೆಲ್ಲ ಇಲ್ಲ. ಎರಡು ಹೊತ್ತೂ ಹುಳಿ ಸಾರು. ಬರಿಗೈಲಿ ದಿನಾ ಹಣ್ಣು ಮುಟ್ಬೇಕು. ನಲವತ್ತೆಂಟು ದಿನ."

ಜನ ಉಸಿರು ಬಿಗಿಹಿಡಿದು ಕೇಳುತ್ತಿದ್ದರು. ಇನ್ನೂ ಏನೋ ಸಾಲದು ಅನ್ನಿಸಿತು ಆಕೆಗೆ.

"ಕುಡಿವಾಗ ಮುಖ ಕಿವುಚಂಗಿಲ್ಲ. ಕಿವುಚಿದ್ರೆ ಮೊದಲನೇ ದಿನದಿಂದ ಲೆಕ್ಕ."

ಅಷ್ಟೇ ಬೇಕಾಗಿದ್ದದ್ದು. ನರಸಕ್ಕನ ಕಣ್ಣು ಹೊಳೆಯಿತು. "ಇದು ಕಣಮ್ಮ ಔಷ್ದಿ ಅಂದ್ರೆ!"

ತಂತಮ್ಮ ನಲವತ್ತೆಂಟು ಮುಗಿದ ಮರುದಿನದಿಂದ ಬೆಳಗಾಗುತ್ತಲೇ ನಮ್ಮ ಬೀದಿಯ ಕಟ್ಟೆಗಳ ಮೇಲೆ ಲೋಟ ಹಿಡಿದ ಜನ, ಕಲ್ಲಿನ ವಿಗ್ರಹಗಳ ಹಾಗೆ ಮುಖ ಇಟ್ಟುಕೊಂಡು, ಕಣ್ಣಲ್ಲಿ ನೀರು ಸುರಿಸುತ್ತ ಹುಣಸೆ ನೀರು ಕುಡಿಯುವುದು ಕಾಣುತ್ತಿತ್ತು. ಒಬ್ಬರ ಮುಖವನ್ನು ಒಬ್ಬರು ಕಾಯುತ್ತಿದ್ದರು. "ಆಯ್, ಮೂಗು ಅಲ್ಲಾಡ್ತು, ನಾನ್ ನೋಡ್ದೆ!" ಎಂದು ಚೌಡಕ್ಕನ ದೆಸೆಯಿಂದ ಮೊದಲಿಂದ ಶುರು ಮಾಡಿದವರು ಆರು ಜನ. ಪೆದ್ದಕ್ಕನವರ ಎದೆಯುರಿ ಹೋದದ್ದು ಎರಡರಷ್ಟಾಗಿ ವಾಪಸು ಬಂತು. ಅವರು ಅದನ್ನು ಸೈನಿಕರ ಕಾದಾಟವೆಂದು ಸಂತೋಷದಿಂದ ಸಹಿಸಿಕೊಂಡರು. ಮಂಡಿಗಳು ಬರಿದಾದವು. ಇನ್ನು ಕಲ್ಯಾಣದುರ್ಗದಲ್ಲಿ ಮರುಪಥ್ಯಕ್ಕೆ ನೆರಳೂ ಸೇರಿಕೊಂಡದ್ದರಿಂದ, ಹುಣಸೆ ಮರದ ಕೆಳಗೆ ಕೂತ ನಲವತ್ತು ಜನ ಬಸ್ಸು ಬಂದರೂ ಏಳುತ್ತಿಲ್ಲವೆಂದು ಕದಿರಣ್ಣನಿಂದ ಒಂದು ಕಾರ್ಡು ಬಂತು. ನಾಯಿ ಬಿಸಿಲಿಗೆ ಹೋಯಿತಂತೆ.

ಮುತ್ಯಾಲಪ್ಪನ ಕೆಲಸ ಉಳಿಯಿತು. ಬಿಲ್ಲೆಯನ್ನು ಶಿವಲಕ್ಷ್ಮಮ್ಮ ಒಲೆಗೆ ಹಾಕಿದಳು. ಅವನು ಮತ್ತೆ ಮೂಟೆ ಬಿಚ್ಚಿ, ಎಸಳು ನೆಕ್ಕಿ, ಊರಿನ ಹೆಸರು ಹೇಳುತ್ತ, "ದಬ್ಬಳ ತತ್ತಾ" ಅನ್ನಿಸಿಕೊಳ್ಳುತ್ತ ವರ್ಷ ಕಳೆದ. ಉಳಿದಿದ್ದ ಒಂದೇ ಬಾಟಲಿಯಿಂದ ವಾರಕ್ಕೊಂದು ಮಾತ್ರೆ ತಾನೇ ನುಂಗುತ್ತಿದ್ದ. ಸುಮ್ಮನೆ ಯಾಕೆ ಹಾಳಾಗಬೇಕು ಅಂತ.

ಮುಂದಿನ ಸಂಕ್ರಾಂತಿ ಕಳೆದು, ಹೊಸ ಹುಣಸೆಯ ಮೊದಲ ಮೂಟೆ ಬರುವ ಹಿಂದಿನ ದಿನ ಬೆಂಗಳೂರಿನಿಂದ ಪಾರ್ಸೆಲ್ ಬಂತು. ದೇಶದಲ್ಲೇ ಅತ್ಯುತ್ತಮ ವ್ಯಾಪಾರ ತೋರಿಸಿದ ಪ್ರಾಂತ್ಯಕ್ಕೆ ಕಂಪನಿಯ ಉಡುಗೊರೆ, ಹನ್ನೆರಡು ಬಾಟಲಿ. ಹೊಸ ಚೀಟಿ, ಹೊಳೆಯುವ ಕಾಗದ. ಕನ್ನಡ, ತೆಲುಗು, ಇಂಗ್ಲಿಷು, ಮೂರರಲ್ಲೂ ಕೆಂಪು ಅಕ್ಷರದಲ್ಲಿ ಅಚ್ಚಾಗಿತ್ತು: "ಪಥ್ಯ: ಸೇವನೆಯ ಅವಧಿಯಲ್ಲಿ ಹುಣಸೆಹಣ್ಣು ಕಡ್ಡಾಯವಾಗಿ ವರ್ಜ್ಯ. ತಜ್ಞರ ಸಲಹೆ."

ಮುತ್ಯಾಲಪ್ಪ ಕನ್ನಡದಲ್ಲಿ ಓದಿದ. ತೆಲುಗಿನಲ್ಲಿ ಓದಿದ. ಇಂಗ್ಲಿಷಿನದನ್ನು ಅಕ್ಷರ ಕೂಡಿಸಿ ಓದಿದ. ಆ ವಾರದ ಮಾತ್ರೆಯನ್ನು ಆಗಷ್ಟೇ ನುಂಗಿದ್ದ. ಹೊಟ್ಟೆಯ ಮೇಲೆ ಕೈ ಇಟ್ಟು ನೋಡಿಕೊಂಡ.

"ಏನ್ ಬರ್ದವ್ರೆ?" ಅಂದಳು ಶಿವಲಕ್ಷ್ಮಮ್ಮ.

"ಏನಿಲ್ಲ" ಅಂದ.

ಮರುದಿನ ಮಂಡಿಯಲ್ಲಿ ಪೂಜೆ ಮಾಡಿ ಮೊದಲ ಮೂಟೆ ಬಿಚ್ಚಿದರು. ಊರಿನ ವರ್ತಕರೆಲ್ಲ ಸುತ್ತ ನಿಂತಿದ್ದರು. ತೋಟಪ್ಪನವರು ಹೊಸ ಹಣ್ಣಿನ ಒಂದು ಎಸಳನ್ನು ಪ್ರೀತಿಯಿಂದ ಗುಮಾಸ್ತನ ಬಾಯಿಯ ಹತ್ತಿರ ಹಿಡಿದರು. "ಊಂ, ಹೇಳಪ್ಪ."

ಮುತ್ಯಾಲಪ್ಪ ಎಸಳನ್ನು ನೋಡಿದ. ನಾಲಿಗೆ ಅರ್ಧ ಹೊರಗೆ ಬಂದು, ನಿಂತು, ಒಳಗೆ ಹೋಯಿತು. ಮೆಲ್ಲಗೆ ಜೇಬಿನಿಂದ ಕರ್ಚೀಫು ತೆಗೆದ.

"ಸಾವ್ಕಾರ್ರೇ" ಎಂದ, "ಇವತ್ತೊಂದಿನ ಮೂಸಿ ಹೇಳ್ಲಾ?"